ಪಳಗುವುದು ಕೈಯೋ, ಮಿದುಳೋ?

ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವು 1922ರಿಂದ ಬೆಳಗಾವಿಯಲ್ಲಿ ನೆಲೆಸಿದೆ. ಸೈನಿಕನಾಗುವವನು ಕಲಿಯಲೇಬೇಕಾದ ಒಂದು ಸಣ್ಣ ಕೆಲಸವನ್ನು ನಾವಿಲ್ಲಿ ಪರಿಶೀಲಿಸೋಣ. ಇನ್ಸಾಸ್ ರೈಫಲಿನ ಮ್ಯಾಗಜೀನಿನಲ್ಲಿ, ಎಂದರೆ ತೋಟಾಪೆಟ್ಟಿಗೆಯಲ್ಲಿ, 20 ತೋಟಾಗಳು ಹಿಡಿಯುತ್ತವೆ. ಅವು ತೀರಿದೊಡನೆ ಬಂದೂಕು ಬರಿಯ ಕೋಲು. ಬೇರೊಂದು ಮ್ಯಾಗಜೀನನ್ನು ತೊಡಿಸುವ ಆ ಕೆಲವು ಕ್ಷಣಗಳಲ್ಲಿ ಸೈನಿಕನ ಪ್ರಾಣವೇ ಅಡಗಿದೆ.

ಈ ಕೆಲಸದಲ್ಲಿ ವೇಗವು ಬರುವುದೆಂತು? ‘ಕೈ ಪಳಗಿತು’ ಎನ್ನುತ್ತೇವೆ. ಆದರೆ ನೆನಪಿಡುವುದು ಸ್ನಾಯುವಲ್ಲ, ಮಿದುಳು. ಹೊಸಬನು ತೆಗೆಯುವುದು, ಹಿಡಿಯುವುದು, ಕೂಡಿಸುವುದು ಎಲ್ಲವನ್ನೂ ಯೋಚಿಸಿಯೇ ಮಾಡುತ್ತಾನೆ. ಅದೇ ಕ್ರಮವನ್ನು ಮತ್ತೆ ಮತ್ತೆ ಅನುಸರಿಸಿದಂತೆ, ಕಿರುಮಿದುಳೂ ಹಿರಿಮಿದುಳಿನ ಆಳದಲ್ಲಿರುವ ನರಗಂಟುಗಳೂ ಆ ಚಲನೆಗಳನ್ನು ಒಂದೇ ಸರಪಣಿಯಾಗಿ ಹೆಣೆಯುತ್ತವೆ. ಆಗ ಕಣ್ಣೂ ಮನಸ್ಸೂ ಸುತ್ತಲಿನ ಅಪಾಯವನ್ನು ಗಮನಿಸಲು ಬಿಡುವು ಪಡೆಯುತ್ತವೆ.

ಆದರೆ ಈ ಹೆಣಿಗೆಗೆ ಸರಿ ತಪ್ಪುಗಳ ಭೇದವಿಲ್ಲ. ಪದೇ ಪದೇ ಮಾಡಿದ ತಪ್ಪೂ ಅಷ್ಟೇ ಆಳವಾಗಿ ಬೇರೂರುತ್ತದೆ. ಆದುದರಿಂದಲೇ ಮೊದಲು ಮದ್ದಿಲ್ಲದ ಹುಸಿ ತೋಟಾಗಳೊಡನೆ, ಟ್ರಿಗರಿನಿಂದ ಬೆರಳನ್ನು ದೂರವಿಟ್ಟು, ನಿಧಾನವಾಗಿ ಅಭ್ಯಾಸ ಮಾಡತಕ್ಕದ್ದು. ಒಂದೇ ದಿನ ನೂರು ಸಲ ಮಾಡುವುದಕ್ಕಿಂತ ದಿನಕ್ಕೆ ಹತ್ತರಂತೆ ಹತ್ತು ದಿನ ಮಾಡುವುದು ಲೇಸು.

ಖಾನಾಪುರದ ಕುಂಬಾರನ ಕೈಗೂ ವಿದ್ಯಾರ್ಥಿಯ ಬರವಣಿಗೆಗೂ ಇದೇ ನಿಯಮ. ಮೊದಲು ಶುದ್ಧಿ, ವೇಗವು ಅದರ ಫಲ.