ಗೋಳಗುಮ್ಮಟದ ಪಿಸುಮಾತು, ಗಾಜಿನ ಬಳೆಯ ಬೆಳಕು

ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಮುಂಜಾನೆ ಬಿಸಿಲುಕೋಲು ಇಳಿದಾಗ ನೂಲಿನ ಧೂಳು ಕುಣಿಯುವುದು ಕಾಣುತ್ತದೆ. ಜಮಖಂಡಿ, ಮುಧೋಳ, ಬೀಳಗಿಯ ಹೊಲಗಳಲ್ಲಿ ಕಬ್ಬಿನ ರವದಿ ಸುಟ್ಟಾಗ ಹೊಗೆಯ ಕಣಗಳು ಹಾರುತ್ತವೆ. ಕಾಣುವ ಧೂಳಿಗಿಂತ ಕಾಣದ ಧೂಳೇ ಹೆಚ್ಚು ಅಪಾಯಕಾರಿ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಅವನ್ನು ಪತ್ತೆ ಹಚ್ಚುವುದು ಹೇಗೆ?

ಉತ್ತರದ ಎಳೆ ನೆರೆಯ ವಿಜಯಪುರದಲ್ಲಿದೆ. ಗೋಳಗುಮ್ಮಟದ ಒಳಸುತ್ತಿನಲ್ಲಿ ಪಿಸುಗುಟ್ಟಿದರೆ ಮಾತು ಗೋಡೆಗುಂಟ ಸಾಗಿ ಎದುರು ಬದಿಯವರಿಗೆ ಕೇಳಿಸುತ್ತದೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಇಂಥದೇ ವಿಸ್ಮಯದ ಬಗ್ಗೆ ಸರ್ ಸಿ.ವಿ. ರಾಮನ್ 1921ರಲ್ಲಿ ಬರೆದಿದ್ದರು.

ಬೆಳಕೂ ಹೀಗೆಯೇ ಸುತ್ತಬಲ್ಲದು. ಕೂದಲೆಳೆಯ ದಪ್ಪದಷ್ಟೇ ಅಗಲದ ಗಾಜಿನ ಬಳೆಯೊಳಗೆ ಅದು ಪೂರ್ಣ ಆಂತರಿಕ ಪ್ರತಿಫಲನದಿಂದ ಸಾವಿರಾರು ಸುತ್ತು ಹಾಕುತ್ತದೆ. ಬಳೆಯ ಅಂಚಿಗೆ ಕಣವೊಂದು ಅಂಟಿದರೆ ಪ್ರತಿ ಸುತ್ತಿನಲ್ಲೂ ಬೆಳಕು ಅದನ್ನು ಸವರಿಕೊಂಡೇ ಹೋಗಬೇಕು. ಕಣವು ಸ್ವಲ್ಪ ಬೆಳಕನ್ನು ಹಿಂದಕ್ಕೆ ಚದುರಿಸುತ್ತದೆ. ಆಗ ಬಳೆಯ ಒಂದೇ ಅನುರಣನ ಆವರ್ತನ ಎರಡಾಗಿ ಸೀಳುತ್ತದೆ. ಆ ಸೀಳಿನಿಂದ ಕಣದ ಗಾತ್ರವನ್ನು ಲೆಕ್ಕ ಹಾಕಬಹುದು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಲಾನ್ ಯಾಂಗ್ ಅವರ ತಂಡ 2010ರಲ್ಲಿ ಇದನ್ನು ಮಾಡಿ ತೋರಿಸಿತು.

ಎರಡು ಬಳೆಗಳನ್ನು ಒತ್ತಟ್ಟಿಗೆ ಇಟ್ಟರೆ ಬೆಳಕು ಒಂದರಿಂದ ಇನ್ನೊಂದಕ್ಕೆ ಹಾಯುತ್ತದೆ. ಇದನ್ನು ಮನೆಯಲ್ಲೇ ತಿಳಿಯಬಹುದು. ಎರಡು ಮೊಳೆಗಳ ನಡುವೆ ದಾರ ಕಟ್ಟಿ, ಅದಕ್ಕೆ ಸಮ ಉದ್ದದ ಎರಡು ದಾರಗಳಲ್ಲಿ ಕಲ್ಲು ತೂಗುಬಿಡಿ. ಒಂದನ್ನು ತೂಗಿದರೆ ಕ್ರಮೇಣ ಅದು ನಿಂತು ಇನ್ನೊಂದು ತೂಗುತ್ತದೆ. ಒಂದರ ದಾರವನ್ನು ತುಸು ಗಿಡ್ಡ ಮಾಡಿ. ಕೊಡುಕೊಳ್ಳುವಿಕೆ ಅರ್ಧಕ್ಕೇ ನಿಲ್ಲುತ್ತದೆ. ಒಂದು ಬಳೆಗೆ ಮಾತ್ರ ಕಣ ಅಂಟಿದಾಗ ಆಗುವುದೂ ಇದೇ.

ಬೆಳಕಿನ ನಷ್ಟ ಮತ್ತು ಜೋಡಣೆಯನ್ನು ಒಂದು ನಿರ್ದಿಷ್ಟ ಸಮತೋಲಕ್ಕೆ ತಂದರೆ ಸೀಳು ಕಣದ ಪ್ರಭಾವದ ವರ್ಗಮೂಲದಂತೆ ಬೆಳೆಯುತ್ತದೆ. ಪ್ರಭಾವ ನೂರರಲ್ಲಿ ಒಂದು ಪಾಲಿದ್ದರೂ ಸೀಳು ಹತ್ತರಲ್ಲಿ ಒಂದು ಪಾಲಾಗುತ್ತದೆ! ಯಾಂಗ್ ತಂಡ 2017ರಲ್ಲಿ ಒಂದೇ ಬಳೆಯಲ್ಲಿ ಎದುರುಬದುರಾಗಿ ಸುತ್ತುವ ಬೆಳಕುಗಳಿಂದ ಇಂಥ ಹೆಚ್ಚಳವನ್ನು ಸಾಧಿಸಿತು.

ಆದರೆ ಈ ಸಮತೋಲ ಬಲು ನಾಜೂಕು. ತುಸು ಶಾಖವೂ ಅದನ್ನು ಕೆಡಿಸುತ್ತದೆ. ಆದ್ದರಿಂದ ಮಗ್ಗದ ಮನೆಯಲ್ಲಿ ಕಿಟಕಿ ತೆರೆದಿಡುವುದನ್ನು, ಮೂಗಿಗೆ ಮಾಸ್ಕ್ ಕಟ್ಟುವುದನ್ನು ಪಾಲಕರು ಮರೆಯದಿರಲಿ. ಮಕ್ಕಳ ಪ್ರಯೋಗಕ್ಕಂತೂ ಎರಡು ಕಲ್ಲು, ಒಂದಿಷ್ಟು ನೂಲು ಸಾಕು. ಈ ಊರುಗಳಲ್ಲಿ ನೂಲಿಗೇನು ಬರವೇ?