ಲೋಹ ಬಿಡಿಸಿದ ಉಪ್ಪು

ಕ್ರಯೋಲೈಟಿನ ಪುಡಿಯನ್ನು ನೀರಿಗೆ ಹಾಕಿದರೆ ಕಣ್ಣಿಗೆ ಬೀಳುವುದೇ ಕಷ್ಟ. ಕರಗಿತೆಂದಲ್ಲ, ಬೆಳಕನ್ನು ಬಾಗಿಸುವುದರಲ್ಲಿ ಅದೂ ನೀರೂ ಹೆಚ್ಚುಕಮ್ಮಿ ಒಂದೇ. ಸೋಡಿಯಂ, ಅಲ್ಯುಮಿನಿಯಂ, ಫ್ಲೋರಿನ್ ಕೂಡಿ ಆದ ಈ ಲವಣ ದೊಡ್ಡ ರಾಶಿಯಾಗಿ ಸಿಕ್ಕಿದ್ದು ಗ್ರೀನ್‌ಲ್ಯಾಂಡಿನ ಇವಿಟ್ಟೂಟ್‌ನಲ್ಲಿ. 1850ರ ದಶಕದಲ್ಲಿ ಡೆನ್ಮಾರ್ಕಿನ ಯೂಲಿಯುಸ್ ಥಾಮ್ಸೆನ್ ಅದರಿಂದ ಸೋಡ ತೆಗೆಯುವ ದಾರಿ ಕಂಡುಕೊಂಡ. ಅಲ್ಲಿಂದ ಮೂರು ದಶಕ ಅದು ಹೆಚ್ಚಾಗಿ ಸೋಡದ ಕಚ್ಚಾಮಾಲು.

ಅಲ್ಯುಮಿನಿಯಂ ಆಗ ಬೆಳ್ಳಿಯ ಸಾಲಿನ ಲೋಹ. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಕೂರಿಸಿದ್ದೂ ಅದನ್ನೇ, ಮೂರು ಕಿಲೋಗೂ ಕಡಿಮೆ. ಅದಿರಿಗೇನೂ ಬರ ಇರಲಿಲ್ಲ. ಆದರೆ ಬಾಕ್ಸೈಟಿನಿಂದ ಬರುವ ಅಲ್ಯುಮಿನಾ, ಅಂದರೆ ನಮ್ಮ ಬೆಳಗಾವಿಯ ಕಾರ್ಖಾನೆಯಲ್ಲೂ ತಯಾರಾಗುವ ಆ ಬಿಳಿ ಪುಡಿ, ಆಮ್ಲಜನಕವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಕರಗಿಸಿ ವಿದ್ಯುತ್ ಹಾಯಿಸೋಣವೆಂದರೆ ಶಾಖ 2,000 ಡಿಗ್ರಿ ದಾಟಬೇಕು.

ಒಹಾಯೊದ ಓಬರ್ಲಿನ್‌ನಲ್ಲಿ 22ರ ಹುಡುಗ ಚಾರ್ಲ್ಸ್ ಮಾರ್ಟಿನ್ ಹಾಲ್ ಮನೆಯ ಸೌದೆ ಕೊಟ್ಟಿಗೆಯಲ್ಲಿ ಇದೇ ಗೀಳು ಹಚ್ಚಿಕೊಂಡಿದ್ದ. ಅಕ್ಕ ಜೂಲಿಯಾ, ಅವಳೂ ರಸಾಯನಶಾಸ್ತ್ರ ಓದಿದವಳು, ಜೊತೆಗಿದ್ದಳು. ಕ್ರಯೋಲೈಟ್ ಸುಮಾರು 1,000 ಡಿಗ್ರಿಗೇ ಕರಗುತ್ತದೆ. ಕರಗಿದ ಮೇಲೆ ಅಲ್ಯುಮಿನಾವನ್ನೂ ಕರಗಿಸಿಕೊಳ್ಳುತ್ತದೆ. ಇಷ್ಟು ಗೊತ್ತಾದರೂ ಮೊದಲಿಗೆ ಲೋಹ ಬರಲಿಲ್ಲ. ಆ ದ್ರವಲವಣ ಜೇಡಿಮಣ್ಣಿನ ಮೂಸೆಯನ್ನೇ ತಿಂದು, ಅದರ ಸಿಲಿಕಾನನ್ನು ತಂದು ಬೆರೆಸುತ್ತಿತ್ತು. ಮೂಸೆಯ ಒಳಮೈಗೆ ಇಂಗಾಲ ಹಚ್ಚಿದ ಮೇಲೆ, 1886ರ ಫೆಬ್ರವರಿ 23ರಂದು, ತಣಿದ ಗಟ್ಟಿಯನ್ನು ಒಡೆದರೆ ಒಳಗೆ ಬೆಳ್ಳಗೆ ಹೊಳೆಯುವ ಪುಟ್ಟ ಗುಂಡುಗಳು. ಅದೇ ವರ್ಷ ಫ್ರಾನ್ಸಿನ ಪಾಲ್ ಎರೂ ಕೂಡ ತನ್ನ ಪಾಡಿಗೆ ತಾನು ಇದೇ ವಿಧಾನ ಮುಟ್ಟಿದ್ದ. ಇಬ್ಬರೂ ಹುಟ್ಟಿದ್ದು 1863ರಲ್ಲಿ, ತೀರಿಕೊಂಡದ್ದು 1914ರಲ್ಲಿ!

ಜೋಡಿ ಹೆಸರು ಪಠ್ಯಪುಸ್ತಕಕ್ಕೆ ಸೇರಿತು. ನನಗೆ ಮಾತ್ರ ಆ ಲವಣವೇ ಹೆಚ್ಚು ಸೋಜಿಗ. ವಿದ್ಯುತ್ ಹರಿದಾಗ ಅದಕ್ಕಿಂತ ಮುಂಚೆ ಅಲ್ಯುಮಿನಾ ಒಡೆಯುತ್ತದೆ. ಆಮ್ಲಜನಕ ಮೇಲಿಂದ ವಿದ್ಯುತ್ ಹಾಯಿಸುವ ಇಂಗಾಲದ ತುಂಡನ್ನು ಸವೆಸುತ್ತ ಅನಿಲವಾಗಿ ಹೋಗುತ್ತದೆ. ಲೋಹ ದ್ರವಲವಣಕ್ಕಿಂತ ತುಸುವೇ ಭಾರ. ಹಾಗಾಗಿ ತಳ ಸೇರುತ್ತದೆ. ಆ ತುಸು ಉಲ್ಟಾ ಆಗಿದ್ದರೆ ಅಲ್ಯುಮಿನಿಯಂ ಮೇಲೆ ತೇಲಿ, ಬಂದ ಹಾಗೆಯೇ ಆಕ್ಸೈಡ್ ಆಗುತ್ತಿತ್ತು.

ಎರಡನೇ ಮಹಾಯುದ್ಧದಲ್ಲಿ ವಿಮಾನ ಕಟ್ಟಲು ಈ ಲೋಹ ಬೇಕಾಗಿ, ಅಮೆರಿಕ ಇವಿಟ್ಟೂಟ್ ಗಣಿಗೆ ಕಾವಲು ಹಾಕಿತು. 1987ರಲ್ಲಿ ಗಣಿ ಮುಚ್ಚಿತು. ಅಷ್ಟರಲ್ಲಿ ಕಾರ್ಖಾನೆಗಳು ಕೃತಕ ಕ್ರಯೋಲೈಟಿಗೆ ಹೊರಳಿದ್ದವು. ರಸಗೊಬ್ಬರಕ್ಕೆಂದು ರಾಕ್ ಫಾಸ್ಫೇಟನ್ನು ಆಮ್ಲಕ್ಕೆ ಹಾಕಿದಾಗ ಏಳುವ, ಫ್ಲೋರಿನ್ ಇರುವ ಅನಿಲಗಳನ್ನು ಹಿಡಿದು ಅದನ್ನು ತಯಾರಿಸುವುದೂ ಉಂಟು.