ಮನೆಯೊಳಗಿನ ಪೆಟ್ಟಿಗೆ ಮದ್ದು ಹಾಕುವವರು ಬೇಕಾಗಿದ್ದಾರೆ

ಪಿಯುಸಿ ಫಲಿತಾಂಶ ಬಂದ ಮರುವಾರದಿಂದ ನಮ್ಮ ಮಂಡ್ಯ ಸೀಮೆಯ ಮೇಷ್ಟರುಗಳಿಗೆ ಒಂದು ಹೆಚ್ಚುವರಿ ಕೆಲಸ ಬೀಳುತ್ತದೆ. ಅಂಕಪಟ್ಟಿ ಹಿಡಿದು ಬರುವ ತಂದೆತಾಯಿಯರಿಗೆ 'ಮುಂದೇನು ಓದಿಸೋಣ' ಎಂಬುದಕ್ಕೆ ಉತ್ತರ ಹೇಳಬೇಕು. ಎಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ., ಆಮೇಲೆ ಬಿ.ಇಡಿ. ಅಲ್ಲಿಗೆ ಪಟ್ಟಿ ಮುಗಿಯಿತು. ಈ ಪಟ್ಟಿಯಲ್ಲಿ ಎಂದೂ ಕಾಣಿಸಿಕೊಳ್ಳದ ಒಂದು ವೃತ್ತಿ ಇದೆ. ಮನೆಯೊಳಗೆ ಹೊಡೆತ, ಬೈಗುಳ, ಉಪವಾಸ ಅನುಭವಿಸುತ್ತಿರುವ ಹೆಂಗಸರ ಪಕ್ಕದಲ್ಲಿ ನಿಲ್ಲುವ ವೃತ್ತಿ ಅದು.

'ಅದು ಸಮಾಜಸೇವೆಯಲ್ಲವೇ, ಅದಕ್ಕೂ ಓದಬೇಕೇ?' ಎಂದು ಹುಬ್ಬೇರಿಸುವವರು ಉಂಟು. ಓದಬೇಕು. ಹೇಗೆಂಬುದನ್ನು ಮುಂದೆ ನೋಡೋಣ. ಅದಕ್ಕೆ ಮೊದಲು ಈ ಕೆಲಸಕ್ಕೆ ಎಷ್ಟು ಜನ ಬೇಕು ಎಂಬುದು ತಿಳಿಯಲಿ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಪತಿಯಿಂದ ದೌರ್ಜನ್ಯ ಅನುಭವಿಸಿದ್ದೇವೆಂದು ಹೇಳಿದ ಕರ್ನಾಟಕದ ವಿವಾಹಿತೆಯರು ಶೇಕಡಾ 20.6 ಇದ್ದರು. 2019-21ರ ಸಮೀಕ್ಷೆಯಲ್ಲಿ ಅದು ಶೇಕಡಾ 44.4 ಆಯಿತು. ಇಡೀ ದೇಶದ ಸರಾಸರಿ ಶೇಕಡಾ 29ರ ಆಸುಪಾಸು. ಈ ಏರಿಕೆಯಲ್ಲಿ ಹೊಡೆತ ಹೆಚ್ಚಾದದ್ದೆಷ್ಟು, ಬಾಯಿಬಿಟ್ಟು ಹೇಳುವ ಧೈರ್ಯ ಹೆಚ್ಚಾದದ್ದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಹೇಗೆ ಲೆಕ್ಕ ಹಾಕಿದರೂ ಸಂಖ್ಯೆ ಸಣ್ಣದಲ್ಲ. ಅದೇ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಹಿಂಸೆಗೆ ಒಳಗಾದ ಮಹಿಳೆಯರಲ್ಲಿ ಯಾರದಾದರೂ ನೆರವು ಕೋರಿದವರು ನೂರಕ್ಕೆ 14 ಜನ ಮಾತ್ರ. ಉಳಿದವರು ಯಾರ ಬಾಗಿಲನ್ನೂ ತಟ್ಟಿಲ್ಲ.

ಗಾದೆ ಮಾಡಿರುವ ಅನಾಹುತ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಒಳ್ಳೆಯ ಗಾದೆ, ಆದರೆ ಅದು ಜಗಳಕ್ಕೆ ಸಂಬಂಧಿಸಿದ್ದು. ಜಗಳದಲ್ಲಿ ಇಬ್ಬರಿಗೂ ಬಾಯಿ ಇರುತ್ತದೆ. ಒಬ್ಬರು ಹೊಡೆಯುತ್ತ ಇನ್ನೊಬ್ಬರು ಹೆದರುತ್ತ ಬದುಕುವುದಕ್ಕೆ ಈ ಗಾದೆಯನ್ನು ಅಂಟಿಸಿದ್ದರಿಂದಲೇ ಅರಳಿಕಟ್ಟೆಯ ನ್ಯಾಯಗಳೆಲ್ಲ 'ಹೊಂದ್ಕೊಂಡು ಹೋಗವ್ವ' ಎಂಬಲ್ಲಿಗೆ ಮುಗಿಯುತ್ತವೆ. ಹೇಳುವ ಯಜಮಾನರು ಕೆಟ್ಟವರೇನಲ್ಲ. ಅವರಿಗೆ ತಿಳಿದಿರುವ ಮದ್ದು ಅದೊಂದೇ.

ತರಬೇತಿ ಪಡೆದವರು ಮೊದಲು ಕಲಿಯುವುದೇ ಈ ಮಾತನ್ನು ಆಡದಿರುವುದನ್ನು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರ ನಿಯಮಾವಳಿಯಲ್ಲಿ ಆಪ್ತಸಮಾಲೋಚಕರಿಗಾಗಿಯೇ ಒಂದು ಭಾಗವಿದೆ. ಸಮಾಲೋಚನೆಯ ವೇಳೆ ಗಂಡನ ಕಡೆಯವರು 'ಅವಳು ಹೀಗೆ ಮಾಡಿದಳು, ಅದಕ್ಕೇ ಹೊಡೆದೆ' ಎಂದು ಸಮರ್ಥಿಸಿಕೊಳ್ಳಲು ಅವಕಾಶ ಕೊಡುವಂತಿಲ್ಲ ಎಂದು ಅದು ಹೇಳುತ್ತದೆ. ಎರಡೂ ಕಡೆಯ ಪೈಕಿ ಯಾರಿಗಾದರೂ ನೆಂಟನಾದವನು ಸಮಾಲೋಚಕನಾಗಿ ಕೂರುವಂತೆಯೂ ಇಲ್ಲ. ನಮ್ಮ ಊರುಗಳಲ್ಲಿ ನ್ಯಾಯ ಹೇಳುವವರೆಲ್ಲ ಯಾರಿಗಾದರೂ ನೆಂಟರೇ ಆಗಿರುತ್ತಾರೆಂಬುದನ್ನು ಬಿಡಿ. ಈ ಎರಡು ನಿಯಮ ಗೊತ್ತಿದ್ದವರು ನಡೆಸುವ ಮಾತುಕತೆಗೂ ಗೊತ್ತಿಲ್ಲದವರು ನಡೆಸುವ ಪಂಚಾಯಿತಿಗೂ ಅಜಗಜಾಂತರ.

ವಿಜ್ಞಾನದ ಮೇಷ್ಟರಾದ್ದರಿಂದ ಇನ್ನೊಂದು ಉದಾಹರಣೆ ಕೊಡುತ್ತೇನೆ. ಹೆಂಗಸೊಬ್ಬಳು 'ಕುತ್ತಿಗೆ ಹಿಸುಕಿದರು' ಎನ್ನುತ್ತಾಳೆ. ನೋಡಿದರೆ ಚರ್ಮದ ಮೇಲೆ ಏನೂ ಗುರುತಿಲ್ಲ. ತಿಳಿಯದವರು 'ದೊಡ್ಡದೇನಲ್ಲ' ಎಂದು ಕಳಿಸಿಬಿಡುತ್ತಾರೆ. ಆದರೆ ಮಿದುಳಿಗೆ ರಕ್ತ ಒಯ್ಯುವ ಧಮನಿಗಳು ಕುತ್ತಿಗೆಯ ಎರಡೂ ಪಕ್ಕದಲ್ಲಿವೆ. ಅವನ್ನು ಬಿಗಿಯಾಗಿ ಅದುಮಿದರೆ ಹತ್ತು ಸೆಕೆಂಡಿನಷ್ಟರಲ್ಲಿ ಪ್ರಜ್ಞೆ ತಪ್ಪಬಹುದು, ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು, ಹೊರಗೆ ಕಲೆಯೇ ಕಾಣದಿರಬಹುದು. ಒಮ್ಮೆ ಸಂಗಾತಿಯಿಂದ ಕುತ್ತಿಗೆ ಹಿಸುಕಿಸಿಕೊಂಡವಳು ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚು ಎಂದು 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ತರಬೇತಿ ಪಡೆದ ಕಾರ್ಯಕರ್ತೆ ಇದನ್ನು ಕೇಳಿದೊಡನೆ ಬೇರೆಲ್ಲ ಬದಿಗಿಟ್ಟು ಆಕೆಯನ್ನು ಆಸ್ಪತ್ರೆಗೆ ಕಳಿಸುತ್ತಾಳೆ, ಆ ರಾತ್ರಿ ಎಲ್ಲಿ ಮಲಗುವಳೆಂದು ವಿಚಾರಿಸುತ್ತಾಳೆ. ಹೆಂಗಸು ಮನೆ ಬಿಟ್ಟು ಹೊರಡುವ ದಿನಗಳೇ ಅತ್ಯಂತ ಅಪಾಯದ ದಿನಗಳೆಂಬುದೂ ಆಕೆಗೆ ಗೊತ್ತಿರುತ್ತದೆ. ಅದಕ್ಕೇ ಆಧಾರ್, ಬ್ಯಾಂಕ್ ಪುಸ್ತಕ, ಮಕ್ಕಳ ಶಾಲೆಯ ದಾಖಲೆಗಳನ್ನು ನಂಬಿಕಸ್ತರ ಬಳಿ ಮೊದಲೇ ಇಡಿಸುತ್ತಾಳೆ. ಇದು ಕರುಣೆ ಒಂದರಿಂದಲೇ ಬರುವ ವಿದ್ಯೆಯಲ್ಲ.

'ಸ್ಟೌವ್ ಸಿಡಿದು ಗೃಹಿಣಿ ಸಾವು' ಎಂಬ ಸುದ್ದಿ ಒಂದು ಕಾಲದಲ್ಲಿ ಪತ್ರಿಕೆಗಳಲ್ಲಿ ದಿನಾ ಬರುತ್ತಿತ್ತು, ಹಿರಿಯ ಓದುಗರಿಗೆ ನೆನಪಿರಬಹುದು. ಬೆಂಗಳೂರಿನ ವಿಮೋಚನಾ ಸಂಘಟನೆಯವರು 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೇ ಹೋಗಿ ಇಂಥ ಸಾವುಗಳನ್ನು ಒಂದೊಂದಾಗಿ ಬರೆದಿಟ್ಟುಕೊಂಡರು. ಸ್ಟೌವ್ ನಿಜವಾಗಿ ಸಿಡಿದರೆ ಸುಡುವುದು ಸಾಮಾನ್ಯವಾಗಿ ಮೈಯ ಮುಂಭಾಗ ಮತ್ತು ಕೆಳಭಾಗ. ತಲೆಗೂದಲಿನಲ್ಲಿ ಸೀಮೆಎಣ್ಣೆಯ ವಾಸನೆ ಇದ್ದರೆ ಕಥೆ ಬೇರೆಯೇ. ಸುಳ್ಳನ್ನು ಸಿಡಿಯುವಂತೆ ಮಾಡಲು ಇಷ್ಟು ಸರಳ ವಿಜ್ಞಾನ ಸಾಕಾಗಿತ್ತು. ಆದರೆ ಅದನ್ನು ಗಮನಿಸಿ ಬರೆದುಕೊಳ್ಳುವ ಕಣ್ಣು ಬೇಕಾಗಿತ್ತು.

ಹೆಣ್ಣು ಹೆತ್ತಳೆಂದು ಹೊಡೆಯುವವರೂ ಇನ್ನೂ ಇದ್ದಾರೆ. 2023ರ ಕೊನೆಯಲ್ಲಿ ನಮ್ಮ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾದಾಗ ರಾಜ್ಯವೇ ನಮ್ಮತ್ತ ನೋಡಿತು. ತಾಯಿಯ ಅಂಡಾಣುವಿನಲ್ಲಿರುವುದು ಯಾವಾಗಲೂ ಎಕ್ಸ್ ವರ್ಣತಂತು. ಎಕ್ಸೋ ವೈಯೋ ಎಂದು ತೀರ್ಮಾನಿಸುವುದು ತಂದೆಯ ವೀರ್ಯಾಣು. ನಾವು ಪ್ರೌಢಶಾಲೆಯಲ್ಲಿ ಪ್ರತಿವರ್ಷ ಇದನ್ನು ಹೇಳುತ್ತೇವೆ, ಮಕ್ಕಳು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆಯುತ್ತಾರೆ. ಆ ಪಾಠ ಮನೆಯ ಹೊಸಿಲು ದಾಟುವುದಿಲ್ಲ.

ಕೆಲಸಗಳು ಎಲ್ಲಿವೆ?

ಕಾಯ್ದೆಯ ಪ್ರಕಾರ ಸರ್ಕಾರ ಸಂರಕ್ಷಣಾಧಿಕಾರಿಗಳನ್ನು ನೇಮಿಸಬೇಕು. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಈ ಹೊಣೆ ವಹಿಸಲಾಗಿದೆ. ಅಂಗನವಾಡಿಯ ಮೊಟ್ಟೆ, ಪೌಷ್ಟಿಕ ಆಹಾರದ ಲೆಕ್ಕದ ಜೊತೆಗೆ ಈ ಕೆಲಸವನ್ನೂ ಅವರೇ ನಿಭಾಯಿಸಬೇಕು. ಒಬ್ಬರ ಹೆಗಲಿಗೆ ಎರಡು ನೊಗ ಎಂಬುದು ನನ್ನ ಅಭಿಪ್ರಾಯ. ಕಾರಣವಿಲ್ಲದೆ ಕರ್ತವ್ಯ ತಪ್ಪಿದ ಸಂರಕ್ಷಣಾಧಿಕಾರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ದಂಡ ಎಂದು ಕಾಯ್ದೆಯಲ್ಲಿದೆ. ಕೌಟುಂಬಿಕ ಘಟನೆ ವರದಿ ತಯಾರಿಸುವುದು, ನೊಂದವಳಿಗೆ ಆಶ್ರಯ ಮತ್ತು ಚಿಕಿತ್ಸೆ ಒದಗುವಂತೆ ನೋಡಿಕೊಳ್ಳುವುದು, ನ್ಯಾಯಾಲಯಕ್ಕೆ ನೆರವಾಗುವುದು ಅವರ ಕೆಲಸ. ಅರ್ಜಿ ಬಂದ ಮೇಲೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ, 60 ದಿನದೊಳಗೆ ಇತ್ಯರ್ಥಕ್ಕೆ ಪ್ರಯತ್ನ ಎಂದು ಕಾನೂನು ಹೇಳುತ್ತದೆ. ಕಾಗದ ಸರಿಯಾಗಿ ಸಿದ್ಧವಾಗದಿದ್ದರೆ ಈ 60 ದಿನ ಎಷ್ಟು ಉದ್ದವಾಗುತ್ತದೆಂದು ಕೋರ್ಟಿಗೆ ಅಲೆದವರನ್ನು ಕೇಳಬೇಕು.

ಇದಲ್ಲದೆ ರಾಜ್ಯದ ಸಾಂತ್ವನ ಕೇಂದ್ರಗಳು ಇವೆ. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಸಖಿ' ಒನ್ ಸ್ಟಾಪ್ ಸೆಂಟರುಗಳು ಇವೆ. ಆಸ್ಪತ್ರೆಯ ಆವರಣದಲ್ಲಿ ಅಥವಾ ಅದರ ಹತ್ತಿರದಲ್ಲೇ ಇರಬೇಕಾದ ಈ ಕೇಂದ್ರಗಳಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಆಪ್ತಸಮಾಲೋಚನೆ ಮತ್ತು ಕೆಲವು ದಿನಗಳ ವಸತಿ ಒಂದೇ ಸೂರಿನಡಿ ಸಿಗಬೇಕು. ಆಡಳಿತಾಧಿಕಾರಿ, ಪ್ರಕರಣ ಕಾರ್ಯಕರ್ತೆ, ಆಪ್ತಸಮಾಲೋಚಕಿ, ಕಾನೂನು ಸಹಾಯಕಿ ಎಂಬ ಹುದ್ದೆಗಳು ಇರುವುದು ಇಲ್ಲೇ. 181 ಮಹಿಳಾ ಸಹಾಯವಾಣಿಗೂ ತರಬೇತಾದ ಕಿವಿಗಳು ಬೇಕು.

ಪೋಷಕರು ಕೇಳುವ ಪ್ರಶ್ನೆ ಗೊತ್ತಿದೆ: ಸಂಬಳ ಎಷ್ಟು? ಮುಚ್ಚಿಡುವುದೇಕೆ, ಇವುಗಳಲ್ಲಿ ಹೆಚ್ಚಿನವು ಗುತ್ತಿಗೆ ಹುದ್ದೆಗಳು, ಹಣ ಕಡಿಮೆ. ಕಾಯಂ ನೌಕರಿ ಬೇಕೆನ್ನುವವರು ಇದೇ ವಿಷಯ ಓದಿ ಲೋಕಸೇವಾ ಆಯೋಗದ ಮೂಲಕ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಪ್ರಯತ್ನಿಸಬಹುದು. ಎಂ.ಎಸ್‌ಡಬ್ಲ್ಯೂ ಪದವಿ ಆಸ್ಪತ್ರೆ, ಕಾರ್ಖಾನೆ, ಶಾಲೆಗಳಲ್ಲೂ ಕೆಲಸ ಕೊಡಿಸುತ್ತದೆಯಾದ್ದರಿಂದ ಓದು ವ್ಯರ್ಥವಾಗುವುದಿಲ್ಲ.

ಎಲ್ಲಿ ಕಲಿಯಬಹುದು?

ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿರುವವರಿಗೂ ದಾರಿ ಇದೆ. ಕಾನೂನು ಸೇವೆಗಳ ಪ್ರಾಧಿಕಾರವು ಅರೆಕಾಲಿಕ ಕಾನೂನು ಸ್ವಯಂಸೇವಕರನ್ನು ಆರಿಸಿ ಉಚಿತವಾಗಿ ತರಬೇತಿ ಕೊಡುತ್ತದೆ, ಕೆಲಸ ಮಾಡಿದ ದಿನಗಳಿಗೆ ಗೌರವಧನ ಇರುತ್ತದೆ. ಮಂಡ್ಯದಲ್ಲಿ ಜಿಲ್ಲಾ ಪ್ರಾಧಿಕಾರ, ಮದ್ದೂರು ಮಳವಳ್ಳಿಗಳಲ್ಲಿ ನ್ಯಾಯಾಲಯದ ಆವರಣದ ತಾಲ್ಲೂಕು ಸಮಿತಿ, ಇವನ್ನು ವಿಚಾರಿಸಬೇಕು. 1987ರ ಕಾಯ್ದೆಯಂತೆ ಯಾವುದೇ ಮಹಿಳೆಗೆ, ಆಕೆಯ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆಂಬ ಸಂಗತಿ ಹಳ್ಳಿಗಳಿಗೆ ತಲುಪಬೇಕಾದರೆ ಇಂಥ ಸ್ವಯಂಸೇವಕರೇ ಗತಿ.

ಪಿಯುಸಿ ಆದವರಿಗೆ ಬಿ.ಎಸ್‌ಡಬ್ಲ್ಯೂ, ಸಮಾಜಶಾಸ್ತ್ರ ಅಥವಾ ಮನಶ್ಶಾಸ್ತ್ರದ ಬಿ.ಎ. ಇದೆ. ಕಾನೂನು ಓದುವ ಮನಸ್ಸಿದ್ದರೆ ಮಂಡ್ಯದಲ್ಲೇ ಪಿ.ಇ.ಎಸ್. ಕಾನೂನು ಕಾಲೇಜಿದೆ. ಸ್ನಾತಕೋತ್ತರ ಹಂತದಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಎಂ.ಎಸ್‌ಡಬ್ಲ್ಯೂ ನಮಗೆ ಹತ್ತಿರದ್ದು. ಮಂಡ್ಯ, ಮದ್ದೂರಿನವರು ರೈಲಿನಲ್ಲಿ ಹೋಗಿ ಬರಬಹುದು. ಮಳವಳ್ಳಿಗೆ ರೈಲಿಲ್ಲ, ಬಸ್ಸೇ ಗತಿ, ಹಾಸ್ಟೆಲ್ ಉತ್ತಮ. ತರಗತಿಯ ಜೊತೆಗೆ ಆಸ್ಪತ್ರೆ, ಆಶ್ರಯಧಾಮ, ಸಲಹಾ ಕೇಂದ್ರಗಳಲ್ಲಿ ಕ್ಷೇತ್ರಕಾರ್ಯ ಮಾಡಿಸುವುದು ಈ ಕೋರ್ಸಿನ ಜೀವಾಳ. ಮಹಿಳಾ ಅಧ್ಯಯನದಲ್ಲಿ ಆಸಕ್ತಿ ಇರುವವರು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವನ್ನು ನೋಡಬಹುದು. ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯದ ಎಂ.ಎಸ್‌ಡಬ್ಲ್ಯೂವನ್ನು ಕೆಲಸದಲ್ಲಿದ್ದುಕೊಂಡೇ ಮಾಡಬಹುದು. ಆದರೆ ಎಚ್ಚರ: ಮನಶ್ಶಾಸ್ತ್ರದ ಕೋರ್ಸುಗಳನ್ನು ದೂರಶಿಕ್ಷಣದಲ್ಲಿ ನಡೆಸಬಾರದೆಂದು ಯುಜಿಸಿ 2025ರಲ್ಲಿ ಆದೇಶಿಸಿದೆ. ಮೂರು ದಿನದಲ್ಲಿ ಆಪ್ತಸಮಾಲೋಚಕರನ್ನು ತಯಾರು ಮಾಡುತ್ತೇವೆಂಬ ಜಾಹೀರಾತುಗಳನ್ನು ನಾನಂತೂ ಮಂತ್ರದಿಂದ ಮಾವಿನಕಾಯಿ ಉದುರಿಸುವವರ ಸಾಲಿಗೆ ಸೇರಿಸುತ್ತೇನೆ.

ಈಗಾಗಲೇ ಈ ಕ್ಷೇತ್ರದಲ್ಲಿರುವವರಿಗೂ ಕಲಿಕೆ ಮುಗಿಯುವುದಿಲ್ಲ. ಒನ್ ಸ್ಟಾಪ್ ಸೆಂಟರುಗಳ ಸಿಬ್ಬಂದಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2022ರಲ್ಲಿ 'ಸ್ತ್ರೀ ಮನೋರಕ್ಷಾ' ಯೋಜನೆಯನ್ನು ಕೇಂದ್ರ ಇಲಾಖೆಯ ಜೊತೆಗೂಡಿ ಆರಂಭಿಸಿತು. ನಿಪ್‌ಸಿಡ್ ಎಂದು ಪರಿಚಿತವಾಗಿದ್ದು 2025ರಲ್ಲಿ ಸಾವಿತ್ರಿಬಾಯಿ ಫುಲೆಯವರ ಹೆಸರು ಪಡೆದ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಬೆಂಗಳೂರಿನಲ್ಲಿದೆ. ಗ್ರಾಮ ಪಂಚಾಯಿತಿ ಸದಸ್ಯರಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ಇದೆ. ಹೊರರಾಜ್ಯಕ್ಕೆ ಹೋಗಬಲ್ಲವರು ಮುಂಬೈಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಹೆಸರನ್ನು ನೆನಪಿಟ್ಟುಕೊಳ್ಳಲಿ. ಸಮಾಜಕಾರ್ಯ ಕಲಿತವರನ್ನು ಪೊಲೀಸ್ ಠಾಣೆಯೊಳಗೇ ಕೂರಿಸುವ 'ವಿಶೇಷ ಘಟಕ'ವನ್ನು ಅವರು 1984ರಲ್ಲೇ ಮುಂಬೈ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಆರಂಭಿಸಿದ್ದರು. ಠಾಣೆಗೆ ಬಂದ ಹೆಂಗಸು ಮೊದಲು ಭೇಟಿಯಾಗುವುದು ಲಾಠಿಯನ್ನಲ್ಲ, ಕುರ್ಚಿ ತೋರಿಸಿ ಕೂರಿಸುವವರನ್ನು ಎಂಬುದೇ ಅದರ ವಿಶೇಷ.

ನರ್ಸಿಂಗ್, ಎಂ.ಬಿ.ಬಿ.ಎಸ್. ಓದುವವರು ಇದು ತಮಗಲ್ಲವೆಂದು ಪುಟ ತಿರುವಬೇಡಿ. 'ಬಚ್ಚಲಲ್ಲಿ ಜಾರಿಬಿದ್ದೆ' ಎನ್ನುವ ಹೆಂಗಸನ್ನು ಮೊದಲು ನೋಡುವವರು ನೀವೇ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆಂದೇ ಆರೋಗ್ಯ ಸಿಬ್ಬಂದಿಗೆ ಐದು ಹೆಜ್ಜೆ ಹೇಳಿಕೊಡುತ್ತದೆ: ಕೇಳಿಸಿಕೊಳ್ಳುವುದು, ಅಗತ್ಯವನ್ನು ವಿಚಾರಿಸುವುದು, ನಂಬಿದ್ದೇವೆಂದು ತಿಳಿಸುವುದು, ಸುರಕ್ಷತೆ ಹೆಚ್ಚಿಸುವುದು, ಮುಂದಿನ ನೆರವಿಗೆ ಜೋಡಿಸುವುದು. ಇದೆಲ್ಲ ಅತ್ತೆಯನ್ನೋ ಗಂಡನನ್ನೋ ಹೊರಗೆ ಕಳಿಸಿ, ಆಕೆ ಒಬ್ಬಳೇ ಇದ್ದಾಗ ಆಗಬೇಕು.

ಗಂಡುಮಕ್ಕಳೂ ಈ ಕೆಲಸಕ್ಕೆ ಬೇಕು. 'ಕುಡಿದಿದ್ದೆ, ಗೊತ್ತಾಗಲಿಲ್ಲ' ಎಂಬ ನೆಪ ನಮ್ಮಲ್ಲಿ ಸಾಮಾನ್ಯ. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಹೊಡೆತ ನಿಂತಿತೇ? ಕುಡಿದವನು ಇನ್ಸ್‌ಪೆಕ್ಟರನ್ನು ಹೊಡೆಯುವುದಿಲ್ಲವಲ್ಲ ಎಂದು ಅವನ ಮುಖಕ್ಕೇ ಹೇಳಲು ಕೆಲವೊಮ್ಮೆ ಇನ್ನೊಬ್ಬ ಗಂಡಸೇ ಸರಿ. ಹೆಣ್ಣುಮಗಳನ್ನು ಕೋರ್ಟು ಠಾಣೆಗಳಿಗೆ ಕಳಿಸಲು ಅಂಜುವ ತಂದೆಯರ ಭಯ ನನಗೆ ಅರ್ಥವಾಗುತ್ತದೆ. ದಿನವೂ ಬೇರೆಯವರ ನೋವು ಕೇಳಿದರೆ ಕೇಳಿದವರ ನಿದ್ದೆಯೂ ಕೆಡುತ್ತದೆ. ಒಳ್ಳೆಯ ಸಂಸ್ಥೆಗಳು ಹಿರಿಯರ ಮಾರ್ಗದರ್ಶನ, ಸರದಿ, ರಜೆ ಕೊಟ್ಟು ಇದನ್ನು ನೋಡಿಕೊಳ್ಳುತ್ತವೆ.

ಸೇರುವ ಮೊದಲು ಕಾಲೇಜಿನವರನ್ನು ಎರಡು ಪ್ರಶ್ನೆ ಕೇಳಿ. ವಾರಕ್ಕೆ ಎಷ್ಟು ದಿನ ಕ್ಷೇತ್ರಕಾರ್ಯ, ಯಾವ ಸಂಸ್ಥೆಯಲ್ಲಿ? ಅದನ್ನು ತಿದ್ದಿ ಹೇಳುವ ಅಧ್ಯಾಪಕರು ಯಾರು? ಉತ್ತರ ತಡವರಿಸಿದರೆ ಬೇರೆ ಕಾಲೇಜು ನೋಡಿ. ಇನ್ನು ಈ ಪುಟ ಓದುತ್ತಿರುವವರ ಮನೆಯಲ್ಲೋ ಪಕ್ಕದ ಮನೆಯಲ್ಲೋ ನೆರವು ಈಗಲೇ ಬೇಕಾಗಿದ್ದರೆ 181 ಮಹಿಳಾ ಸಹಾಯವಾಣಿ, 112 ತುರ್ತು ಕರೆ, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100.